ನಾಲ್ಕು ಕಿಟಕಿ, ಒಬ್ಬಳೇ ಯಜಮಾನಿ

ಒಂದು ಹಜಾರ, ಅದರೊಳಗೆ ನಾಲ್ಕು ಟೇಬಲ್ಲು, ಗೋಡೆಗೆ ನಾಲ್ಕು ಕಿಟಕಿ, ಕಿಟಕಿಯಾಚೆ ನಾಲ್ಕು ತಾಲ್ಲೂಕಿನ ಜನ. ಇಷ್ಟನ್ನೂ ಒಬ್ಬ ಹೆಂಗಸಿನ ಕೈಗೆ ಕೊಟ್ಟು ನೀನೇ ನೋಡ್ಕೊಳಮ್ಮ ಅಂದರೆ ದಿನಕ್ಕೊಂದು ತಮಾಷೆ ಆಗದೆ ಇರುತ್ತದೆಯೇ? ನನಗಂತೂ ಆಗುತ್ತಲೇ ಇತ್ತು. ಬೆಳಿಗ್ಗೆ ಕಿಟಕಿಯ ಚಿಲಕ ತೆಗೆಯುವಾಗಲೇ ಇವತ್ತು ಯಾರು ಏನು ಎಡವಟ್ಟು ಮಾಡ್ತಾರೋ ಅಂತ ಕಾಯುವ ಅಭ್ಯಾಸ ಆಗಿಬಿಟ್ಟಿತ್ತು.

ಇದು ಎಪ್ಪತ್ತರ ದಶಕದ ಮಾತು. ಕಚೇರಿ ಇದ್ದದ್ದು ದುರ್ಗದಲ್ಲಿ. ಯಾವ ಇಲಾಖೆ ಅಂತ ಕೇಳಬೇಡಿ, ನಾನಿನ್ನೂ ಪಿಂಚಣಿ ತಗೊಳ್ತಾ ಇದ್ದೀನಿ. ರೈತರ ಅರ್ಜಿ ತಗೊಳ್ಳುವ ಕಚೇರಿ ಅಂದರೆ ಸಾಕು. ಒಂದನೇ ಕಿಟಕಿ ಬೀಜ ಗೊಬ್ಬರಕ್ಕೆ, ಎರಡನೆಯದು ಪಂಪ್‌ಸೆಟ್ಟಿಗೆ, ಮೂರನೆಯದು ಕುರಿ ದನಕ್ಕೆ, ನಾಲ್ಕನೆಯದು ತಕರಾರಿಗೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ನಮ್ಮವೇ ಸಣ್ಣ ಶಾಖೆಗಳಿದ್ದವು. ಅಲ್ಲೂ ಇದೇ ನಾಲ್ಕು ಕಿಟಕಿ, ಇದೇ ನಾಲ್ಕು ಕೆಲಸ.

ನಾನು ಆಗ ಟೆಂಪರವರಿ. ಯಜಮಾನರು ದುರ್ಗದಲ್ಲೇ ಹೈಸ್ಕೂಲು ಮೇಷ್ಟ್ರು, ಕೋಟೆ ಕಡೆಗೆ ಒಂದು ಬಾಡಿಗೆ ಮನೆ ಮಾಡಿದ್ದೆವು. ಕೆಲಸ ಖಾಯಂ ಆಗಬೇಕು, ದುರ್ಗದಲ್ಲೇ ಒಂದು ಕುರ್ಚಿ ನನ್ನದು ಅಂತ ಆಗಬೇಕು, ಇಷ್ಟೇ ನನ್ನ ಆಸೆ. ಒಂದು ದಿನ ನಮ್ಮ ಸಾಹೇಬರು ಕರೆದರು. ಒಳ್ಳೆಯವರು, ಆದರೆ ಗದ್ದಲ ಕೇಳಿದರೆ ಬಾಗಿಲು ಹಾಕಿಕೊಳ್ಳುವ ಮನುಷ್ಯ. "ನೋಡಮ್ಮ, ಬೆಂಗಳೂರಿಂದ ದೊಡ್ಡ ಸಾಹೇಬರು ತನಿಖೆಗೆ ಬರ್ತಾರೆ. ಅಷ್ಟರಲ್ಲಿ ಕಿಟಕಿಗಳು ಒಂದು ಶಿಸ್ತಿಗೆ ಬಂದರೆ ನಿನ್ನ ಹೆಸರು ಖಾಯಮಿಗೆ ಬರೀತೀನಿ. ಬರದಿದ್ದರೆ ನನ್ನ ಕೈಲೇನೂ ಇಲ್ಲ" ಅಂದರು. ನಾನು ಹಿಂದೆ ಮುಂದೆ ನೋಡಲಿಲ್ಲ, ಆಯ್ತು ಸಾರ್ ಅಂದೆ. ನಾಲ್ಕು ತಮ್ಮಂದಿರನ್ನು ಸಾಕಿದವಳಿಗೆ ನಾಲ್ಕು ಕಿಟಕಿ ಯಾವ ಲೆಕ್ಕ?

೧. ಮುಖ ನೋಡಿ ನಿಲ್ಲೋರು

ಮೊದಲು ಕಿಟಕಿಗೊಂದು ಬೋರ್ಡು ಬರೆಸಿ ತೂಗುಹಾಕಿದೆ. ದಪ್ಪ ಅಕ್ಷರ, ಓದಲು ಬಾರದವರಿಗೆ ಚಿತ್ರ ಬೇರೆ. ಜೋಳದ ತೆನೆ, ಪಂಪು, ಕುರಿ. ತಕರಾರಿಗೆ ಏನು ಬರೆಯೋದು ಅಂತ ತಿಳಿಯದೆ ಪೇಂಟರು ಇಬ್ಬರು ಒಬ್ಬರ ಜುಟ್ಟು ಒಬ್ಬರು ಹಿಡಿದಿರೋ ಹಾಗೆ ಬರೆದಿದ್ದ. ಎಲ್ಲಕ್ಕಿಂತ ಅದೇ ಚೆನ್ನಾಗಿತ್ತು. ಮಾರನೇ ದಿನ ಕಿಟಕಿ ತೆಗೆದು ನೋಡುತ್ತೇನೆ, ಬಂದ ಜನವೆಲ್ಲ ಮೂರನೇ ಕಿಟಕಿಯ ಮುಂದೆ. ಮಿಕ್ಕ ಮೂರು ಕಿಟಕಿಗಳ ಮುಂದೆ ಒಂದು ನಾಯಿ ಕಾಲು ಚಾಚಿ ಮಲಗಿತ್ತು.

ವಿಚಾರಿಸಿದಾಗ ಗೊತ್ತಾಯಿತು. ಮೂರನೇ ಕಿಟಕಿಯಲ್ಲಿ ಕೂರುತ್ತಿದ್ದ ಗುಮಾಸ್ತರಿಗೆ ಎಲ್ಲರನ್ನೂ ಬಾಯಿ ತುಂಬ ಮಾತಾಡಿಸುವ ಗುಣ. ಹೆಂಡತಿ ಹೇಗಿದ್ದಾಳೆ, ಎಮ್ಮೆ ಕರು ಹಾಕಿತಾ, ಎಲ್ಲ ಕೇಳುವವರು. ನಮ್ಮ ಕಡೆ ಜನ ಬೋರ್ಡು ನೋಡಿ ನಿಲ್ಲೋದಿಲ್ಲ, ಮುಖ ನೋಡಿ ನಿಲ್ತಾರೆ. ಪಂಪ್‌ಸೆಟ್ಟಿನ ಅರ್ಜಿ ಹಿಡಿದವನೊಬ್ಬನನ್ನು, ಇದು ಕುರಿ ಕಿಟಕಿ ಅಲ್ಲವೇನಪ್ಪ ಅಂತ ಕೇಳಿದೆ. "ಗೊತ್ತೈತ್ರಿ ಅಮ್ಮಾರೆ. ಆದ್ರೆ ಆ ಕಿಟಕಿ ಒಳಗಿರೋರು ನನ್ನ ಯಾವತ್ತೂ ಮಾತಾಡ್ಸಿಲ್ಲ" ಅಂದ, ನನ್ನದೇ ತಪ್ಪು ಅನ್ನೋ ಹಾಗೆ.

ಸರಿ, ಆ ಗುಮಾಸ್ತರನ್ನು ಎರಡನೇ ಕಿಟಕಿಗೆ ಕೂರಿಸಿದೆ. ಸಾಲು ಪೂರಾ ಎರಡನೇ ಕಿಟಕಿಗೆ ಬಂತು, ಕುರಿಯವರೂ ಸೇರಿ. ಒಂದನೆಯದಕ್ಕೆ ಕೂರಿಸಿದೆ, ಅಲ್ಲಿಗೂ ಬಂತು. ನನಗೂ ಹಟ ಹತ್ತಿತು. ಅವರನ್ನು ಕಿಟಕಿಯಿಂದಲೇ ಎಬ್ಬಿಸಿ, ಹೋಗಿ ಟೀ ಕುಡಿದು ಬರ್ರಿ ಅಂತ ಕಳಿಸಿದೆ. ಈಗ ಯಾರ ಮುಖ ನೋಡ್ತಾರೋ ನೋಡಾಣ ಅಂತ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತೆ. ಸಾಲು ಒಂದಿಷ್ಟೂ ಮುರಿಯದೆ, ಹಿಂದು ಮುಂದಾಗದೆ, ಅವರ ಬೆನ್ನ ಹಿಂದೆ ಹೋಟೆಲಿಗೆ ಹೊರಟಿತು.

ಸಂಜೆ ಹೋಟೆಲಿನ ಯಜಮಾನರು ಕಚೇರಿಗೇ ಬಂದರು. ಬೈಯೋಕೆ ಬಂದಿದ್ದಾರೆ ಅಂದುಕೊಂಡು ನಾನೂ ನಾಲ್ಕು ಮಾತು ಸಿದ್ಧ ಮಾಡಿಕೊಂಡೆ. ಅವರು ಕೈಮುಗಿದು, "ಅಮ್ಮಾರೆ, ನಾಳೆ ಯಾವ ಹೊತ್ತಿಗೆ ಕಳಿಸ್ತೀರಿ ಹೇಳಿಬಿಡ್ರಿ, ಹಾಲು ಹೆಚ್ಚಿಗೆ ತರಿಸ್ಬೇಕು" ಅಂದರು.

೨. ತೂಗುವ ಮೊಹರು

ಆ ಗುಮಾಸ್ತರನ್ನು ಕೊನೆಗೆ ಯಾವ ಕಿಟಕಿಗೂ ಕೂರಿಸದೆ ಜಗುಲಿಯ ಮೇಲೆ ಕುರ್ಚಿ ಹಾಕಿ ಕೂರಿಸಿದೆ, ಅವರ ಟೇಬಲ್ಲಿಗೆ ನಾನೇ ಕೂತೆ. ಬಂದವರು ಮೊದಲು ಅವರ ಹತ್ತಿರ ಎಮ್ಮೆ ಕರುವಿನ ಮಾತೆಲ್ಲ ಆಡಿ, ಆಮೇಲೆ ಅವರು ಕೈ ತೋರಿಸಿದ ಕಿಟಕಿಗೆ ಹೋಗುತ್ತಿದ್ದರು. ಹೊರಗಿನ ಕಥೆ ಹಾಗೆ ಮುಗಿಯಿತು. ಒಳಗಿನದು ಶುರುವಾಯಿತು.

ನಮ್ಮಲ್ಲಿ ಟೇಬಲ್ಲು ನಾಲ್ಕು, ಮೊಹರು ಒಂದೇ. 'ಸ್ವೀಕರಿಸಲಾಗಿದೆ' ಅಂತ ಇದ್ದ ದೊಡ್ಡ ರಬ್ಬರ್ ಮೊಹರು. ಅದು ಒಂದು ಟೇಬಲ್ಲಿನ ಮೇಲೆ ಇದ್ದರೆ ಮಿಕ್ಕ ಮೂವರು ಕೈಕಟ್ಟಿ ಕೂರಬೇಕು. ಒಬ್ಬರು ಅದನ್ನು ಡ್ರಾಯರಿನಲ್ಲಿಟ್ಟು ಊಟಕ್ಕೆ ಹೋದರೆ ನಾಲ್ಕು ಕಿಟಕಿಗೂ ಊಟದ ಬಿಡುವು. ಇನ್ನೊಂದು ಮೊಹರು ಕೊಡಿ ಅಂತ ಕೇಳಿದರೆ ಬರೋ ಹೊತ್ತಿಗೆ ನಾನು ಅಜ್ಜಿಯಾಗಿರುತ್ತಿದ್ದೆ. ಹಾಗಾಗಿ ನಾನೇ ಒಂದು ಉಪಾಯ ಮಾಡಿದೆ. ನಾಲ್ಕು ಟೇಬಲ್ಲುಗಳನ್ನೂ ಮೂಲೆಗೆ ಮೂಲೆ ತಾಗುವ ಹಾಗೆ ಜೋಡಿಸಿ, ನಡುವೆ ತೊಲೆಯಿಂದ ಒಂದು ಹಗ್ಗ ಇಳಿಬಿಟ್ಟು, ತುದಿಗೆ ಮೊಹರು ಕಟ್ಟಿದೆ. ಯಾರು ಬೇಕಾದರೂ ಕೈ ಚಾಚಿ ಎಳೆದುಕೊಳ್ಳಬಹುದು, ಒತ್ತಿ ಬಿಟ್ಟರೆ ತಾನೇ ನಡುವೆ ಬಂದು ನಿಲ್ಲುತ್ತದೆ. ಎಲ್ಲ ಟೇಬಲ್ಲಿಗೂ ಅದು ಒಂದೇ, ಯಾರಿಗೂ ಸ್ವಂತ ಅಲ್ಲ. ಹೇಳ್ಕೊಂಡರೆ ಜಂಬ ಅಂತೀರಿ, ಆದರೆ ಅಂಥ ತಲೆ ಆ ಕಚೇರಿಯಲ್ಲಿ ಇನ್ನೊಬ್ಬರಿಗೆ ಇರಲಿಲ್ಲ.

ಒಂದು ವಾರ ಚೆನ್ನಾಗಿ ನಡೆಯಿತು. ಒಂದು ದಿನ ನಾಲ್ಕನೇ ಟೇಬಲ್ಲಿನವರು ತಕರಾರಿನವರ ಮೇಲಿನ ಸಿಟ್ಟಿಗೆ ಮೊಹರನ್ನು ಜೋರಾಗಿ ಒತ್ತಿ ಜೋರಾಗಿ ಬಿಟ್ಟರು. ಅದೇ ಹೊತ್ತಿಗೆ ನಮ್ಮ ಸಾಹೇಬರು ಬಾಗಿಲ ಕಡೆ ತಿರುಗಿ ಜವಾನನಿಗೆ ಏನೋ ಹೇಳುತ್ತಿದ್ದರು. ಬೆನ್ನಿಗೆ ಏನೋ ತಟ್ಟಿತು ಅಂತ ತಿರುಗಿದರು. ನಾವು ನಾಲ್ವರೂ ತಲೆ ತಗ್ಗಿಸಿ ಬರೆಯುತ್ತಿದ್ದೆವು. ಅವರು ಕೆಮ್ಮಿ, ಮೊಹರು ಬಿದ್ದ ಬಿಳಿ ಶರ್ಟಿನಲ್ಲೇ ಮನೆಗೆ ಹೊರಟರು.

ಮಾರನೇ ದಿನ ಸಾಹೇಬರೇ ಹೇಳಿದರು. ಪೇಟೆಯಲ್ಲಿ ತರಕಾರಿ ಕೊಳ್ಳುತ್ತಾ ಬಾಗಿದ್ದಾಗ ಹಿಂದಿನಿಂದ ಒಬ್ಬ ರೈತ ಬಂದು ಬಹಳ ಮರ್ಯಾದೆಯಿಂದ ಕೇಳಿದನಂತೆ: "ಸಾಹೇಬ್ರೆ, ನನ್ನ ಅರ್ಜಿ ಆರು ತಿಂಗಳಿಂದ ತಗೊಂಡಿಲ್ಲ. ನಿಮ್ಮುನ್ನ ಯಾವ ಕಿಟಕೀಲಿ ತಗೊಂಡ್ರು?"

೩. ಹಿರಿಯೂರಿನ ನೆರಳು

ದುರ್ಗ ಒಂದು ಹದಕ್ಕೆ ಬಂತು ಅಂತ ಸಾಹೇಬರು ನನ್ನನ್ನು ಶಾಖೆಗಳಿಗೆ ಕಳಿಸಿದರು. ದೊಡ್ಡ ಸಾಹೇಬರು ಯಾವ ಊರಿಗೆ ಬೇಕಾದರೂ ಮೊದಲು ಹೋಗಬಹುದು, ಅದರ ಭಯ. ಮೊದಲು ಹಿರಿಯೂರು. ಅಲ್ಲಿಯ ಬಿಸಿಲು ಹಿರಿಯೂರಿನವರೇ ಬೈದುಕೊಳ್ಳುವ ಬಿಸಿಲು. ಕಚೇರಿಯ ಮುಂದೆ ಒಂದು ಬೇವಿನ ಮರ.

ನಾನು ಬೆಳಿಗ್ಗೆ ಹೋಗಿ ನೋಡಿದಾಗ ಬೀಜದವರು, ಪಂಪಿನವರು, ಕುರಿಯವರು ಎಲ್ಲ ಒಂದನೇ ಕಿಟಕಿಯಲ್ಲಿ. ಮಧ್ಯಾಹ್ನ ಎರಡನೆಯದರಲ್ಲಿ. ಆಮೇಲೆ ಮೂರನೆಯದರಲ್ಲಿ. ಇಲ್ಲಿ ಮುಖದ ವಿಚಾರ ಅಲ್ಲ, ಎಲ್ಲ ಕಿಟಕಿಗೂ ಒಬ್ಬರೇ ಗುಮಾಸ್ತರು. ಆಮೇಲೆ ಗೊತ್ತಾಯಿತು, ಮರದ ನೆರಳು ಎಲ್ಲಿ ಬೀಳುತ್ತದೋ ಜನ ಅಲ್ಲಿ. ನೆರಳು ಜರುಗಿದ ಹಾಗೆ ಸಾಲೂ ಜರುಗುತ್ತದೆ. ಆ ಗುಮಾಸ್ತರು ಅದಕ್ಕೆ ಹೊಂದಿಕೊಂಡುಬಿಟ್ಟಿದ್ದರು. ನಾನು ಕಳಿಸಿದ್ದ ನಾಲ್ಕು ಬೋರ್ಡುಗಳನ್ನೂ ಕಂಕುಳಲ್ಲಿ ಇಟ್ಟುಕೊಂಡು, ನೆರಳು ಬಿದ್ದ ಕಿಟಕಿಗೆ ನಾಲ್ಕನ್ನೂ ಒಂದರ ಕೆಳಗೊಂದು ತೂಗುಹಾಕಿ, ತಮ್ಮ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು.

ಇದು ಶಿಸ್ತಲ್ಲ ಅಂತ ನಾನು ಬೈದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಜನ ಬಿಸಿಲಲ್ಲಿ ನಿಲ್ಲಲಿ ಅಂತೀರಾ ಮೇಡಂ ಅಂತ ಕೇಳಿದರು. ಮಾತು ನಿಜವೇ, ಹಾಗಂತ ಒಪ್ಪಿಕೊಳ್ಳೋಳು ನಾನಲ್ಲ. ಉದ್ದಕ್ಕೆ ಒಂದು ಚಪ್ಪರ ಹಾಕಿಸೋಕೆ ಹೇಳಿ, ನಾಳೆ ಬಂದು ನೋಡ್ತೀನಿ ಅಂತ ಹೊರಟೆ.

ಮಾರನೇ ದಿನ ಮೋಡ ಕವಿದಿತ್ತು. ಹತ್ತೂವರೆಗೆ ಹೋದರೆ ಜನ ಬಯಲಿನ ತುಂಬ ಚೆಲ್ಲಾಪಿಲ್ಲಿ ನಿಂತಿದ್ದಾರೆ, ನಾಲ್ಕು ಕಿಟಕಿಯೂ ಮುಚ್ಚಿದೆ. ಗುಮಾಸ್ತರು ಬಾಗಿಲ ಮೆಟ್ಟಿಲ ಮೇಲೆ ಆಕಾಶ ನೋಡುತ್ತಾ ಕೂತಿದ್ದರು. ಯಾಕ್ರೀ ತೆಗೆದಿಲ್ಲ ಅಂದೆ. "ಇನ್ನೂ ನೆರಳು ಬಿದ್ದಿಲ್ಲ ಮೇಡಂ. ಯಾವುದನ್ನ ಅಂತ ತೆಗೀಲಿ?"

೪. ನಮ್ಮ ಹುಡುಗಿಯ ಕಚೇರಿ

ಹೊಸದುರ್ಗ ನನ್ನ ತವರಿನ ತಾಲ್ಲೂಕು. ತವರುಮನೆ ಮತ್ತೋಡಿನಲ್ಲಿ. ಅಲ್ಲಿ ಯಾವ ತೊಂದರೆಯೂ ಆಗೋಲ್ಲ, ಎಲ್ಲ ನಮ್ಮವರೇ ಅಂತ ಧೈರ್ಯವಾಗಿ ಹೋದೆ. ಎಲ್ಲ ನಮ್ಮವರೇ ಆಗಿದ್ದೇ ತೊಂದರೆ ಆಯಿತು.

ಕಿಟಕಿಗಳನ್ನು ತೆಗೆದು ಕೂತರೆ ಹೊರಗೆ ಒಂದು ನರಪಿಳ್ಳೆ ಇಲ್ಲ. ಹಿಂದಿನಿಂದ ಮಾತು ಕೇಳಿಸಿತು. ತಿರುಗಿ ನೋಡಿದರೆ ಹಿತ್ತಿಲ ಬಾಗಿಲಿನಿಂದ ಮತ್ತೋಡಿನ ಅರ್ಧ ಊರು ಒಳಗೆ ಬಂದು ಟೇಬಲ್ಲುಗಳ ಮೇಲೆ ಕೂತಿದೆ. ದೊಡ್ಡಪ್ಪ ಒಬ್ಬರು ಪಂಪ್‌ಸೆಟ್ಟಿನ ಟೇಬಲ್ಲಿನ ಮೇಲೆ ಎಲೆ ಅಡಿಕೆ ಹರವಿಕೊಂಡಿದ್ದರು. ಸೋದರತ್ತೆ ಶೇಂಗಾ ಹುರಿದು ತಂದಿದ್ದರು. ಅರ್ಜಿ ಕಿಟಕಿಯಲ್ಲಿ ಕೊಡ್ಬೇಕು ದೊಡ್ಡಪ್ಪ, ಹೊರಗೆ ಹೋಗಿ ಬರ್ರಿ ಅಂದೆ. "ಲೇ, ನೀನು ತೊಟ್ಟಿಲಾಗೆ ಇದ್ದಾಗ ನಿನ್ನ ಎತ್ತಾಡ್ಸಿದೀನಿ. ಈಗ ಕಿಟಕೀಲಿ ಕೈ ಹಾಕಿ ಮಾತಾಡ್ಬೇಕೇನು ನಿನ್ನ?" ಅಂದರು. ನಿಜವಾಗಿಯೂ ನೋವಾಗಿತ್ತು ಅವರಿಗೆ. ಆದರೆ ನನ್ನ ಕೆಲಸ ಖಾಯಂ ಆಗಬೇಕಾದ್ದು ಎಲೆ ಅಡಿಕೆಯಿಂದಲ್ಲ. ಎಲ್ಲರನ್ನೂ ಹೊರಡಿಸಿ ಹಿತ್ತಿಲ ಬಾಗಿಲಿಗೆ ಬೀಗ ಹಾಕಿದೆ.

ಆಮೇಲೂ ಕಿಟಕಿಗೆ ಯಾರೂ ಬರಲಿಲ್ಲ. ಎರಡು ದಿನ ನೋಣ ಹೊಡೆದೆ. ಮೂರನೇ ದಿನ ಸಂಜೆ ಮತ್ತೋಡಿಗೆ, ಅಮ್ಮನ ಮನೆಗೆ ಹೋದೆ. ಮನೆ ಮುಂದೆ ಸಾಲು ನಿಂತಿತ್ತು, ಅದೂ ಎಷ್ಟು ಅಚ್ಚುಕಟ್ಟಾದ ಸಾಲು. ಅಮ್ಮ ಅಡುಗೆಮನೆ ಕಿಟಕಿಯ ಹಿಂದೆ ಕೂತು ಅರ್ಜಿ ತಗೊಳ್ಳುತ್ತಿದ್ದರು. ಬೀಜದ್ದು ಮೊರದಲ್ಲಿ, ಪಂಪಿನದ್ದು ಬುಟ್ಟಿಯಲ್ಲಿ, ಕುರಿಯದ್ದು ರೊಟ್ಟಿ ಹಂಚಿನ ಮೇಲೆ. ತಕರಾರಿನವರಿಗೆ ಮಜ್ಜಿಗೆ ಕೊಟ್ಟು ಅಲ್ಲೇ ಸಮಾಧಾನ ಮಾಡಿ ಕಳಿಸುತ್ತಿದ್ದರು.

ನಾನು ತಿಂಗಳುಗಟ್ಟಲೆ ಹೊಡೆದಾಡಿದ್ದು ಇದಕ್ಕೇ. ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. ಏನಾದರೂ ತಪ್ಪು ಹುಡುಕಬೇಕು ಅಂತ ನೋಡಿದೆ. ಸಾಲಿನ ಕೊನೆಯಲ್ಲಿದ್ದ ಒಬ್ಬ ಹೆಂಗಸನ್ನು ಅಮ್ಮ ಎಲ್ಲರಿಗಿಂತ ಮುಂದೆ ಕರೆದು ಮಣೆ ಹಾಕಿ ಕೂರಿಸಿದರು. ಇದ್ಯಾವ ನ್ಯಾಯಮ್ಮ, ಅವರದೇನು ಅಷ್ಟು ಅರ್ಜೆಂಟು ಅಂದೆ. "ಅವರು ನಿನ್ನ ತಮ್ಮನಿಗೆ ಹೆಣ್ಣು ಹೇಳಾಕೆ ಬಂದವ್ರೆ. ಅದು ಯಾವ ಕಿಟಕಿಗೆ ಬಂದ್ರೂ ಮುಂದೇನೇ" ಅಂದರು ಅಮ್ಮ.

೫. ರೈಲು ಕೂಗಿದ ಮೇಲೆ

ಹೊಳಲ್ಕೆರೆಯದು ಸಣ್ಣ ಕಥೆ. ಅಲ್ಲಿಗೆ ಬರುವವರಲ್ಲಿ ಬಹಳ ಜನ ರಾಮಗಿರಿ ಕಡೆಯಿಂದ ರೈಲಿನಲ್ಲಿ ಬಂದು ರೈಲಿನಲ್ಲೇ ವಾಪಸು ಹೋಗುವವರು. ಕೆಲಸ ಬಿರುಸಾಗಿ ನಡೆಯುತ್ತಿರುವಾಗ ದೂರದಲ್ಲಿ ರೈಲು ಕೂಗುತ್ತಿತ್ತು. ಅಷ್ಟೇ, ನಾಲ್ಕು ಕಿಟಕಿಯೂ ಒಂದೇ ಏಟಿಗೆ ಖಾಲಿ. ಅರ್ಧ ಹೆಬ್ಬೆಟ್ಟು ಒತ್ತಿದವರು ಇನ್ನರ್ಧ ಒತ್ತದೆ ಓಡುತ್ತಿದ್ದರು.

ನಾನು ಯೋಚನೆ ಮಾಡಿ ರಾಮಗಿರಿಯವರಿಗೇ ಒಂದು ಕಿಟಕಿ ಬೇರೆ ಮಾಡಿದೆ. ರೈಲು ಬಂದ ತಕ್ಷಣ ತೆಗೆಯೋದು, ಅವರದೆಲ್ಲ ಮುಗಿಸಿ ವಾಪಸು ರೈಲಿಗೆ ಮೊದಲೇ ಮುಚ್ಚೋದು. ಬಹಳ ಚೆನ್ನಾಗಿ ನಡೆಯಿತು. ಎಷ್ಟು ಚೆನ್ನಾಗಿ ಅಂದರೆ ಹೊಳಲ್ಕೆರೆ ಜನಕ್ಕೆ ಕಿಟಕಿ ತೆಗೆದರು ಅಂದರೆ ರೈಲು ಬಂತು ಅಂತಲೇ ಅರ್ಥ ಆಗಿಹೋಯಿತು. ಒಂದು ದಿನ ರೈಲು ವಿಪರೀತ ತಡ. ಸ್ಟೇಷನ್ನಿನಲ್ಲಿ ಕಾದು ಸಾಕಾದ ಒಬ್ಬ ಯಜಮಾನರು ಬೆವರು ಒರೆಸಿಕೊಂಡು ನೇರ ನಮ್ಮ ಕಚೇರಿಗೆ ಬಂದರು. "ಏನಮ್ಮ, ಬೆಳಿಗ್ಗೆಯಿಂದ ಕಾಯ್ತಾ ಇದೀವಿ. ಆ ಕಿಟಕಿ ಒಂಚೂರು ತೆಗೀಬಾರ್ದಾ, ರೈಲಾದ್ರೂ ಬರ್ತಿತ್ತು."

೬. ದೊಡ್ಡ ಸಾಹೇಬರ ಬೂಟು

ಕೊನೆಗೆ ದೊಡ್ಡ ಸಾಹೇಬರು ದುರ್ಗಕ್ಕೇ ಬರುವುದು ಅಂತ ಗೊತ್ತಾಯಿತು. ನಾನು ವಾಪಸು ಬಂದೆ. ಹಿಂದಿನ ದಿನ ಇಡೀ ಕಚೇರಿ ಗುಡಿಸಿ, ಸುಣ್ಣ ಹೊಡೆಸಿ, ಜನಕ್ಕೆಲ್ಲ ಒಂದೇ ನಿಯಮ ಹೇಳಿದ್ದೆ: ಸಾಲಿನಲ್ಲಿ ಯಾರ ಸಾಮಾನು ಇದೆಯೋ ಆ ಜಾಗ ಅವರದು. ಚಪ್ಪಲಿಯೋ, ಚೀಲವೋ, ಕೋಲೋ ಏನಾದರೂ ಇಟ್ಟು ನೆರಳಿಗೆ ಹೋಗಿ ಕೂರಬಹುದು, ತಳ್ಳಾಟ ಬೇಡ. ಮನೆಯಲ್ಲಿ ಯಜಮಾನರು, ಒಂದು ವೇಳೆ ಖಾಯಂ ಆಗದಿದ್ದರೆ ಅಂತ ಶುರು ಮಾಡಿದರು. ಆ ಮಾತು ಮುಗಿಸೋಕೆ ನಾನು ಬಿಡಲಿಲ್ಲ.

ಆವತ್ತು ಬೆಳಿಗ್ಗೆ ರಾಮಗಿರಿ ಕಡೆಯ ಒಬ್ಬ ಅಜ್ಜ ಬಂದರು, ಕುರಿ ಸಾಕುವ ಮನೆತನದ ಹಿರಿಯರು. ಅವರಿಗೆ ನಾಲ್ಕೂ ಕೆಲಸ ಇತ್ತು. ಕುರಿಗೆ ಸರ್ಕಾರಿ ಕಾವಲಿನಲ್ಲಿ ಮೇಯೋಕೆ ಪರವಾನಗಿ, ತಮ್ಮನಿಗೆ ಪಂಪು, ಮಗನಿಗೆ ಬೀಜ, ದಾಯಾದಿಯ ಮೇಲೆ ಒಂದು ತಕರಾರು. ನಿಯಮ ಕೇಳಿ ತಿಳಿದುಕೊಂಡರು. ಜೊತೆಗೆ ಬಂದಿದ್ದ ಮೂವರ ಹೆಗಲಿಂದಲೂ ಕಂಬಳಿ ತಗೊಂಡರು, ತಮ್ಮದನ್ನೂ ಸೇರಿಸಿ ನಾಲ್ಕು ಕಿಟಕಿಯ ಮುಂದೂ ಒಂದೊಂದು ಕಂಬಳಿ ಹಾಸಿ, ರೊಟ್ಟಿ ತಿನ್ನೋಕೆ ಮರದ ಕೆಳಗೆ ಹೋದರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ ಹಾಸಿದ ಕಂಬಳಿಯನ್ನು ಯಾರೂ ತುಳಿಯೋದಿಲ್ಲ, ದಾಟೋದಿಲ್ಲ. ಅದರ ಮೇಲೆ ಕೂತು ಆಣೆ ಮಾಡ್ತಾರೆ, ನ್ಯಾಯ ಹೇಳ್ತಾರೆ. ಚಪ್ಪಲಿಯಾಗಿದ್ದರೆ ಪಕ್ಕಕ್ಕೆ ಸರಿಸಬಹುದಿತ್ತು, ಕಂಬಳಿ ಸರಿಸೋಕೆ ಯಾರ ಕೈಯೂ ಏಳಲಿಲ್ಲ. ಜಗುಲಿಯ ಗುಮಾಸ್ತರನ್ನೂ ಆವತ್ತು ಒಳಗೇ ಕೂರಿಸಿದ್ದೆ, ಒಳಗಿಂದ ನಾಲ್ವರೂ ಮುಂದಿನವರು ಬರ್ರಿ, ಮುಂದಿನವರು ಬರ್ರಿ ಅಂತ ಕೂಗುತ್ತಿದ್ದರು. ಮುಂದಿನವರು ಕಂಬಳಿ. ಜನ ಅದರ ಹಿಂದೆ ಕೈಕಟ್ಟಿ ನಿಂತಿದ್ದರು. ಆಗಲೇ ದೊಡ್ಡ ಸಾಹೇಬರ ಜೀಪು ಬಂದು ನಿಂತಿತು.

ನಮ್ಮ ಸಾಹೇಬರ ಮುಖ ಸುಣ್ಣದ ಗೋಡೆಗಿಂತ ಬೆಳ್ಳಗಾಯಿತು. ಜವಾನನಿಗೆ ಅದನ್ನ ಎತ್ತು ಅಂತ ಸನ್ನೆ ಮಾಡಿದರು, ಅವನು ಕಂಡೂ ಕಾಣದ ಹಾಗೆ ನಿಂತ. ದೊಡ್ಡ ಸಾಹೇಬರು ಇದನ್ನೆಲ್ಲ ಗಮನಿಸದೆ, ಏನಿದು ಯಾರೂ ಕಿಟಕಿ ಹತ್ತಿರ ಇಲ್ಲವಲ್ಲ ಅಂತ ನೇರ ನಾಲ್ಕನೇ ಕಿಟಕಿಗೆ ನಡೆದರು. ಬೂಟು ಕಂಬಳಿಯ ಅಂಚಿಗೆ ಬಂತು. ನನ್ನ ಕೆಲಸ, ನನ್ನ ಕುರ್ಚಿ, ಬಾಡಿಗೆ ಮನೆ ಎಲ್ಲ ಕಣ್ಣ ಮುಂದೆ ಬಂತು. ಆದರೂ ಬಾಯಿ ಸುಮ್ಮನಿರಲಿಲ್ಲ. "ಸಾರ್, ಬೂಟು ಬಿಟ್ಟು ಕಾಲಿಡ್ಬೇಕು" ಅಂದೆ.

ಅವರು ನನ್ನ ಮುಖ ನೋಡಿದರು, ಜನದ ಮುಖ ನೋಡಿದರು. ಏನನ್ನಿಸಿತೋ, ಬಗ್ಗಿ ಬೂಟು ಬಿಚ್ಚಿದರು. ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಪ್ರಯಾಣದ ಆಯಾಸಕ್ಕೋ ಏನೋ, ನಿಲ್ಲುವ ಬದಲು ಕಂಬಳಿಯ ಮೇಲೆ ಕೂತೇಬಿಟ್ಟರು. ಅಷ್ಟು ಹೊತ್ತಿಗೆ ಅಜ್ಜ ಕೈ ತೊಳೆದು ಬಂದರು. ತಮ್ಮ ಕಂಬಳಿಯ ಮೇಲೆ ಯಾರೋ ಕೂತಿದ್ದಾರೆ, ಅದೂ ತಕರಾರಿನ ಕಿಟಕಿಯ ಮುಂದೆ. ಅವರ ಲೆಕ್ಕದಲ್ಲಿ ಕಂಬಳಿಯ ಮೇಲೆ ಕೂತವರು ನ್ಯಾಯಕ್ಕೆ ಬಂದವರು. ಎದುರಿಗೆ ಕೂತು ಕೇಳಿದರು: "ಹೇಳಪ್ಪ, ನಿಂದೇನು ತಕರಾರು?"

ನಮ್ಮ ಸಾಹೇಬರು ಕಂಬ ಹಿಡಿದುಕೊಂಡರು. ದೊಡ್ಡ ಸಾಹೇಬರು ಕಾಲು ಮಡಿಸಿಕೊಂಡು ನಿಜವಾಗಿಯೂ ಹೇಳತೊಡಗಿದರು. ತಮ್ಮ ತಾಯಿ ಊರಲ್ಲಿ ಇದ್ದಾರಂತೆ, ಆ ಕಡೆಗೆ ವರ್ಗ ಮಾಡಿ ಅಂತ ಎಷ್ಟೋ ವರ್ಷದಿಂದ ಅರ್ಜಿ ಹಾಕುತ್ತಿದ್ದಾರಂತೆ, ಒಂದು ಟೇಬಲ್ಲಿಗೆ ಹೋದರೆ ಇನ್ನೊಂದು ಟೇಬಲ್ಲಿಗೆ ಹೋಗಿ ಅಂತಾರಂತೆ. ಅಜ್ಜ ತಲೆದೂಗುತ್ತಾ ಎಲ್ಲ ಕೇಳಿದರು. ಕೊನೆಗೆ ಕಿಟಕಿಯ ಕಡೆ ತಿರುಗಿ, "ಒಳಗಿರೋರೆಲ್ಲ ಹೊರಗೆ ಬಂದು ಕುಂತ್ಕಳ್ರಿ. ನಾಲ್ಕು ಜನ ಒಂದೇ ಕಂಬ್ಳಿ ಮ್ಯಾಲೆ ಕುಂತ್ರೆ ಯಾರೂ ಅಲ್ಲಿಗೋಗು ಇಲ್ಲಿಗೋಗು ಅನ್ನಾಕಾಗಲ್ಲ" ಅಂದರು.

ದೊಡ್ಡ ಸಾಹೇಬರು ಹೂಂ ಅಂದ ಮೇಲೆ ಬರದೆ ಇರೋಕೆ ಯಾರಿಗೆ ಧೈರ್ಯ? ನಾಲ್ವರೂ ಬಂದರು. ಹಗ್ಗ ಬಿಚ್ಚಿ ಮೊಹರೂ ಬಂತು. ಅಜ್ಜನ ನಾಲ್ಕು ಕೆಲಸ, ಅವರ ಹಿಂದೆ ನಿಂತವರ ಕೆಲಸ, ಎಲ್ಲ ಆ ಕಂಬಳಿಯ ಮೇಲೆ ಊಟದ ಹೊತ್ತಿಗೆ ಮುಗಿದುಹೋಯಿತು. ಅಂಥ ಒಂದು ದಿನ ಆ ಕಚೇರಿ ಅದಕ್ಕೂ ಮೊದಲು ಕಂಡಿರಲಿಲ್ಲ. ದೊಡ್ಡ ಸಾಹೇಬರು ಬೂಟು ಹಾಕಿಕೊಳ್ಳುತ್ತಾ ಖಾಲಿ ಕಿಟಕಿಗಳನ್ನು ನೋಡಿ, ಇದು ಯಾವ ವ್ಯವಸ್ಥೆಯಮ್ಮ ಅಂತ ನನ್ನ ಕೇಳಿದರು. ನಾನು ರೆಪ್ಪೆ ಕೂಡ ಬಡಿಯಲಿಲ್ಲ. "ಇದು ಐದನೇ ಕಿಟಕಿ ಸಾರ್. ಮಳೆ ಇಲ್ಲದ ದಿನ ತೆಗೀತೀವಿ."

೭. ಖಾಯಂ

ಆರ್ಡರು ಬಂದಾಗ ನಮ್ಮ ಸಾಹೇಬರೇ ಓಡಿಬಂದು ಕೊಟ್ಟರು. ಖಾಯಂ ಆಗಿತ್ತು. ನಾನು ಕಣ್ಣು ಒರೆಸಿಕೊಂಡೆ, ಜವಾನನಿಗೆ ಪೇಡ ತರೋಕೆ ಹೇಳಿದೆ. ಆಮೇಲೆ ಕೆಳಗಿನ ಸಾಲು ಓದಿದೆ. ಇವರ ಕೆಲಸದಿಂದ ಬಹಳ ಸಂತೋಷವಾಗಿದೆ, ಆದ್ದರಿಂದ ನಾಲ್ಕು ಊರಿನ ಕಿಟಕಿಗಳಿಗೂ ಇವರೇ ಇರತಕ್ಕದ್ದು ಅಂತ ಬರೆದಿತ್ತು. ಸೋಮವಾರ ದುರ್ಗ, ಮಂಗಳವಾರ ಹಿರಿಯೂರು, ಗುರುವಾರ ಹೊಸದುರ್ಗ, ಶುಕ್ರವಾರ ಹೊಳಲ್ಕೆರೆ. ಬುಧವಾರ ಎಲ್ಲಿ ಅಂತ ಬರೆಯೋದು ಮರೆತಿದ್ದರು. ಕೆಲಸ ಖಾಯಂ ಮಾಡಿ, ನಾನು ಕೇಳಿದ ಒಂದೇ ಒಂದು ಕುರ್ಚಿ ಮಾತ್ರ ಕೊಟ್ಟಿರಲಿಲ್ಲ. ಸಂಜೆ ನಮ್ಮ ಮನೆಯ ಮೇಷ್ಟ್ರು ಪೇಡ ತಿನ್ನುತ್ತಾ, ಬುಧವಾರ ಆದರೂ ಮನೆ ಕಡೆ ಬಾ ಅಂದರು.

ನಾನು ಅಳೋಳಲ್ಲ. ಮಂಗಳವಾರ ಬೆಳಿಗ್ಗೆ ಟಿಫನ್ ಕ್ಯಾರಿಯರ್ ಹಿಡಿದು ಹಿರಿಯೂರು ಬಸ್ಸು ಹತ್ತಿ, ಗಾಳಿ ಬರುವ ಸೀಟು ನೋಡಿ ಕೂತೆ. ಬಸ್ಸು ತುಂಬಿತ್ತು, ಹೊರಡೋ ಹೊತ್ತಾಗಿತ್ತು, ಆದರೆ ಹೊರಡಲಿಲ್ಲ. ಕಂಡಕ್ಟರು ಕೆಳಗೆ ಯಾರ ಜೊತೆಗೋ ಜಗಳ ಆಡುತ್ತಿದ್ದ. ಇಣುಕಿ ನೋಡಿದರೆ, ನನ್ನ ಸೀಟಿನ ಕಿಟಕಿಯ ಕೆಳಗಿಂದ ಬಸ್ ಸ್ಟ್ಯಾಂಡಿನ ಗೇಟಿನವರೆಗೆ ಸಾಲು ನಿಂತಿದೆ, ಕೈಯಲ್ಲೆಲ್ಲ ಅರ್ಜಿ. ಯಾರೂ ಬಸ್ಸು ಹತ್ತುವವರಲ್ಲ. ಮೊದಲನೆಯವನು ಆಗಲೇ ಕಂಬಿಗಳ ನಡುವೆ ಕೈ ತೂರಿಸಿದ್ದ. ಕಂಡಕ್ಟರು ಸೋತು, "ಅಮ್ಮಾರೆ, ನೀವೇ ಹೇಳ್ರಿ, ಬಸ್ಸು ಬಿಡ್ಲೋ ಬ್ಯಾಡ್ವೋ?" ಅಂತ ಕೈಮುಗಿದ.

ನಾನು ತಲೆ ಹೊರಗೆ ಹಾಕಿ, ಸಾಲಿನ ಕೊನೆಗೂ ಕೇಳೋ ಹಾಗೆ ಹೇಳಿದೆ. ಇದು ಹಿರಿಯೂರು ತಾಲ್ಲೂಕಿನವರ ಕಿಟಕಿ, ಅವರಷ್ಟೇ ನಿಲ್ರಿ. ಹೊಸದುರ್ಗದೋರು ಗುರುವಾರದ ಬಸ್ಸಿಗೆ ಬರ್ರಿ, ಹೊಳಲ್ಕೆರೆಯೋರು ಶುಕ್ರವಾರದ ಬಸ್ಸಿಗೆ. ಉಳಿದವರ ಸಾಲು ತಾನಾಗಿ ಕರಗಿತು, ಹಿರಿಯೂರಿನವರ ಅರ್ಜಿಗಳನ್ನು ಕಂಬಿಗಳ ನಡುವಿಂದಲೇ ತಗೊಂಡೆ. ಬಸ್ಸು ಹೊರಟ ಮೇಲೆ ಒಬ್ಬ ರೈತ ಪಂಚೆ ಎತ್ತಿಕೊಂಡು ಪಕ್ಕದಲ್ಲೇ ಓಡಿ ಬಂದ.

"ಅಮ್ಮಾರೆ, ಶುಕ್ರವಾರ ಯಾವ ಸೀಟ್ನಾಗೆ ಕುಂತ್ಕತೀರಿ?"

"ಬಲಗಡೆ, ಡ್ರೈವರ್ ಹಿಂದೆ" ಅಂದೆ. "ಬೋರ್ಡು ಹಾಕಿರ್ತೀನಿ."